ಚಾ ಕುಡಿದು ಬರುವಷ್ಟರಲ್ಲಿ ಟರ್ಮಿನಲ್ ಯಾಕೆ ಸಾಯುತ್ತದೆ?

ಮೊನ್ನೆ ಮಧ್ಯಾಹ್ನ ನಮ್ಮ ಓಣಿಯ ಹುಡುಗನೊಬ್ಬ ಫೋನ್ ಮಾಡಿದ. ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಇಲ್ಲೇ ಕಲಬುರಗಿಯ ಮನೆಯಲ್ಲಿ ಕೂತು, ಟರ್ಮಿನಲ್‌ನಲ್ಲಿ ಅಂದರೆ ಕಮಾಂಡ್ ಬರೆಯುವ ಕಿಟಕಿಯಲ್ಲಿ ದೂರದ ಸರ್ವರ್‌ಗೆ ಲಾಗಿನ್ ಆಗಿ ಮಾಡುತ್ತಾನೆ. "ಅಣ್ಣಾ, ನಾ ಏನೂ ಮಾಡಿಲ್ಲರಿ. ಚಾ ಕುಡಿಲಾಕ ಹೋಗಿದ್ದೆ, ಬಂದು ನೋಡಿದ್ರ ಸರ್ವರ್ ಹೊರಗ ಹಾಕ್ಯಾದ. ದಿನಾ ಇದೇ ಆಗ್ಲತ್ತದ."

ಅವನು ಸುಮ್ನೆ ಕೂತಿರಲಿಲ್ಲ. ಎಲ್ಲೋ ಓದಿ, ತನ್ನ ಲ್ಯಾಪ್‌ಟಾಪಿನ ಎಸ್‌ಎಸ್‌ಎಚ್ (ದೂರದ ಸರ್ವರ್‌ಗೆ ಲಾಗಿನ್ ಆಗುವ ಪ್ರೋಗ್ರಾಂ) ಕಾನ್ಫಿಗ್ ಫೈಲಿನಲ್ಲಿ ಸರ್ವರ್‌ಅಲೈವ್‌ಇಂಟರ್ವಲ್ ಎಂಬ ಸಾಲು ಸೇರಿಸಿ, ಮುಂದೆ 60 ಅಂತ ಹಾಕಿದ್ದ. ಉಪಯೋಗ ಆಗಿರಲಿಲ್ಲ. ಆಮೇಲೆ 30 ಮಾಡಿದ, 10 ಮಾಡಿದ. ಆಗಲೂ ಇಲ್ಲ. ಅವನು ಹಾಕಿದ ಔಷಧಿ ಸರಿಯಾದದ್ದೇ, ಆದರೆ ಬೇರೆ ರೋಗದ್ದು.

ನಾವು ಟೈಮ್‌ಔಟ್ ಅಂತ ಒಂದೇ ಹೆಸರಿನಲ್ಲಿ ಕರೆಯುವುದು ನಿಜವಾಗಿ ನಾಲ್ಕೈದು ಬೇರೆ ಬೇರೆ ಸಂಗತಿ. ನಿಮ್ಮ ಕೀಲಿಮಣೆಯಿಂದ ಹೊರಟ ಅಕ್ಷರ ಸರ್ವರ್‌ನ ಶೆಲ್, ಅಂದರೆ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ, ಮುಟ್ಟುವ ಮೊದಲು ನಿಮ್ಮ ಎಸ್‌ಎಸ್‌ಎಚ್ ಪ್ರೋಗ್ರಾಂ, ಮನೆಯ ರೂಟರ್, ಇಂಟರ್ನೆಟ್ ಕಂಪನಿಯ ಪೆಟ್ಟಿಗೆ, ಆ ಕಡೆಯ ಫೈರ್‌ವಾಲ್, ಸರ್ವರ್ ಮೇಲೆ ಎಸ್‌ಎಸ್‌ಎಚ್‌ಗೆ ಉತ್ತರಿಸುವ ಎಸ್‌ಎಸ್‌ಎಚ್‌ಡಿ, ಕೊನೆಗೆ ಶೆಲ್, ಇಷ್ಟು ಜನರ ಕೈ ದಾಟಿ ಹೋಗಬೇಕು. ಒಬ್ಬೊಬ್ಬರ ಹತ್ತಿರವೂ ಒಂದೊಂದು ಗಡಿಯಾರ ಇದೆ. ಒಬ್ಬರ ಗಡಿಯಾರ ಇನ್ನೊಬ್ಬರಿಗೆ ಗೊತ್ತಿಲ್ಲ. ಹಾಗಾಗಿ "ಎಷ್ಟು ಸೆಕೆಂಡ್ ಹಾಕಲಿ" ಅನ್ನುವುದು ಎರಡನೇ ಪ್ರಶ್ನೆ. ಯಾರು ಕತ್ತರಿಸಿದರು ಅನ್ನುವುದು ಮೊದಲನೆಯದು.

"ಕೊನೆಗೆ ಪರದೆ ಮೇಲೆ ಏನು ಬಂತು?" ಅಂತ ಕೇಳಿದೆ.

"ಅದೇನೋ ಬರ್ತದರಿ, ನಾ ನೋಡಿಲ್ಲ."

ಹತ್ತರಲ್ಲಿ ಒಂಬತ್ತು ಜನ ಹೀಗೇ. ಹೋಯಿತು ಅನ್ನುವ ಸಿಟ್ಟಿನಲ್ಲಿ ವಿಂಡೋ ಮುಚ್ಚಿ ಹೊಸದು ತೆರೆಯುತ್ತಾರೆ. ಸುಳಿವು ಇರುವುದೇ ಆ ಮುಚ್ಚಿದ ವಿಂಡೋದಲ್ಲಿ. ಮರುದಿನ ಅವನು ಫೋಟೋ ತೆಗೆದು ಕಳಿಸಿದ. ಪ್ರಾಂಪ್ಟ್, ಅಂದರೆ ಶೆಲ್ ಕಮಾಂಡಿಗಾಗಿ ಕಾಯುವ ಗುರುತು, ಅದರ ಪಕ್ಕದಲ್ಲೇ "ಟೈಮ್ಡ್ ಔಟ್ ವೇಟಿಂಗ್ ಫಾರ್ ಇನ್‌ಪುಟ್: ಆಟೋ-ಲಾಗೌಟ್" ಅಂತ ಅಚ್ಚುಕಟ್ಟಾಗಿ ಬರೆದಿತ್ತು. ಇದು ನೆಟ್‌ವರ್ಕ್ ಮಾತಾಡುವ ಭಾಷೆ ಅಲ್ಲ. ಇದು ಬ್ಯಾಶ್ ಎಂಬ ಶೆಲ್ ತಾನೇ ಹೇಳಿ ಹೋದ ಮಾತು. ಅಂದರೆ ಕನೆಕ್ಷನ್ ಚೆನ್ನಾಗಿಯೇ ಇತ್ತು, ಬಾಗಿಲು ಹಾಕಿಕೊಂಡವನು ಒಳಗಿನ ಮನೆಯವನು.

ಬ್ಯಾಶ್‌ನಲ್ಲಿ ಟಿಎಮ್‌ಔಟ್ ಅಂತ ಒಂದು ವೇರಿಯಬಲ್ ಇದೆ. ಟಿ, ಎಮ್, ಒ, ಯು, ಟಿ, ಐದೂ ದೊಡ್ಡಕ್ಷರ. ಅದರಲ್ಲಿ 600 ಅಂತ ಇದ್ದರೆ, ಪ್ರಾಂಪ್ಟ್ ತೋರಿಸಿದ ಮೇಲೆ 600 ಸೆಕೆಂಡ್ ಕಾಯುತ್ತದೆ, ಅಷ್ಟರಲ್ಲಿ ನೀವು ಒಂದು ಪೂರ್ತಿ ಸಾಲು ಕೊಡದಿದ್ದರೆ ಶೆಲ್ ಮುಚ್ಚಿಕೊಳ್ಳುತ್ತದೆ. ಪೂರ್ತಿ ಸಾಲು ಅನ್ನುವುದನ್ನು ಗಮನಿಸಿ. ಸುಮ್ನೆ ನಾಲ್ಕು ಅಕ್ಷರ ಒತ್ತಿದರೆ ಗಡಿಯಾರ ಹಿಂದಕ್ಕೆ ಹೋಗುವುದಿಲ್ಲ, ಎಂಟರ್ ಒತ್ತಬೇಕು. ಉದ್ದನೆಯ ಕಮಾಂಡ್ ಒಂದನ್ನು ಯೋಚಿಸಿ ಯೋಚಿಸಿ ಬರೆಯುತ್ತಾ, ಮಧ್ಯೆ ಎದ್ದು ಫೈಲಿನ ಹೆಸರು ಹುಡುಕಿಕೊಂಡು ಬಂದರೆ, ಅರ್ಧ ಬರೆದ ಕಮಾಂಡ್ ಸಮೇತ ಹೊರಗೆ ಬೀಳುತ್ತೀರಿ. ನನಗೆ ಎರಡು ಸಲ ಆಗಿದೆ.

ಇನ್ನೊಂದು ವಿಚಿತ್ರ ಎಂದರೆ ಈ ಗಡಿಯಾರ ಪ್ರಾಂಪ್ಟ್ ಇರುವಾಗ ಮಾತ್ರ ಓಡುತ್ತದೆ. ವಿಐ ಎಡಿಟರ್ ತೆರೆದಿಟ್ಟು ಮಧ್ಯಾಹ್ನದ ರೊಟ್ಟಿ ಊಟ ಮುಗಿಸಿ ಒಂದು ನಿದ್ದೆ ತೆಗೆದು ಬಂದರೂ ಶೆಲ್ ಏನೂ ಅನ್ನುವುದಿಲ್ಲ, ಯಾಕೆಂದರೆ ಆಗ ಅದು ನಿಮ್ಮನ್ನು ಕಾಯುತ್ತಿಲ್ಲ, ವಿಐ ಮುಗಿಯುವುದನ್ನು ಕಾಯುತ್ತಿದೆ. ಸುಡೋ ಕಮಾಂಡ್ ಹಾಕಿ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಶೆಲ್‌ಗೆ ಹೋದವರಿಗೆ ಇದು ಇನ್ನೊಂದು ರೂಪದಲ್ಲಿ ಕಾಣುತ್ತದೆ. ಬಂದು ನೋಡಿದರೆ ಸೆಷನ್ ಇದೆ, ಆದರೆ ಪ್ರಾಂಪ್ಟಿನಲ್ಲಿದ್ದ ಹ್ಯಾಶ್ ಚಿಹ್ನೆ ಹೋಗಿ ಡಾಲರ್ ಚಿಹ್ನೆ ಬಂದಿದೆ. ಒಳಗಿನ ರೂಟ್ ಶೆಲ್ ಸಮಯ ಮುಗಿದು ಹೋಗಿದೆ, ಹೊರಗಿನದು ಈಗ ತಾನೇ ತನ್ನ ಎಣಿಕೆ ಶುರು ಮಾಡಿದೆ. ಇನ್ನೊಂದು ಹತ್ತು ನಿಮಿಷಕ್ಕೆ ಅದೂ ಹೋಗುತ್ತದೆ. "ಒಮ್ಮೆ ಹತ್ತಕ್ಕೆ ಹೋಗ್ತದ, ಒಮ್ಮೆ ಇಪ್ಪತ್ತಕ್ಕೆ ಹೋಗ್ತದ" ಅಂತ ಹುಡುಗ ತಲೆ ಕೆಡಿಸಿಕೊಂಡಿದ್ದು ಇದಕ್ಕೇ.

ಈಗ ಅವನ ಔಷಧಿ ಯಾಕೆ ಹತ್ತಲಿಲ್ಲ ಅನ್ನುವುದು ಗೊತ್ತಾಯಿತಲ್ವಾ? ಸರ್ವರ್‌ಅಲೈವ್ ಅನ್ನುವುದು ಎಸ್‌ಎಸ್‌ಎಚ್ ಪ್ರೋಗ್ರಾಂ ಎದುರಿನ ಎಸ್‌ಎಸ್‌ಎಚ್‌ಡಿಗೆ ಆಗಾಗ "ಇದ್ದೀಯಾ?" ಅಂತ ಕೇಳುವ ಮಾತು. ಆ ಮಾತು ಅವರಿಬ್ಬರ ನಡುವೆಯೇ ಮುಗಿಯುತ್ತದೆ. ಶೆಲ್‌ವರೆಗೆ ಒಂದು ಅಕ್ಷರವೂ ತಲುಪುವುದಿಲ್ಲ. 60 ಅಲ್ಲ, 1 ಹಾಕಿದರೂ ಟಿಎಮ್‌ಔಟ್ ಗಡಿಯಾರಕ್ಕೆ ಅದರ ಸುಳಿವೇ ಇರುವುದಿಲ್ಲ.

ಟಿಎಮ್‌ಔಟ್ ಇದೆಯೋ ಇಲ್ಲವೋ ನೋಡಲು ಎಕೋ ಬರೆದು, ಜಾಗ ಬಿಟ್ಟು, ಡಾಲರ್ ಚಿಹ್ನೆಗೆ ಅಂಟಿಸಿ ಆ ಹೆಸರು ಬರೆಯಿರಿ. ಸಂಖ್ಯೆ ಬಂತೋ, ಕಳ್ಳ ಸಿಕ್ಕ. ಎಲ್ಲಿಂದ ಬಂತು ಅಂತ ಹುಡುಕಲು ಇಟಿಸಿ ಫೋಲ್ಡರ್‌ನ ಪ್ರೊಫೈಲ್ ಫೈಲು, ಪಕ್ಕದ ಪ್ರೊಫೈಲ್ ಡಾಟ್ ಡಿ ಫೋಲ್ಡರ್, ಬ್ಯಾಶ್‌ಆರ್‌ಸಿ, ಕೊನೆಗೆ ನಿಮ್ಮ ಹೋಮ್‌ನಲ್ಲಿರುವ ಬ್ಯಾಶ್ ಫೈಲುಗಳು, ಇಷ್ಟರಲ್ಲಿ ಗ್ರೆಪ್ ಕಮಾಂಡಿನಿಂದ ಆ ಹೆಸರು ಹುಡುಕಿದರೆ ಸಾಕು. ನೀವೇ ಹಾಕಿದ್ದಾದರೆ ತೆಗೆಯಿರಿ. ಅಡ್ಮಿನ್ ಹಾಕಿದ್ದಾದರೆ ಬಹುತೇಕ ರೀಡ್‌ಓನ್ಲಿ ಅಂತ ಬೀಗ ಹಾಕಿರುತ್ತಾರೆ. ಅನ್‌ಸೆಟ್ ಮಾಡಲು ಹೋದರೆ ಅದು ರೀಡ್‌ಓನ್ಲಿ ವೇರಿಯಬಲ್ ಅಂತ ಶೆಲ್ ಮುಖಕ್ಕೆ ಹೇಳುತ್ತದೆ. ಇದನ್ನು ತಪ್ಪಿಸುವ ಅಡ್ಡದಾರಿಗಳಿವೆ, ಹುಡುಕಿದರೆ ಸಿಗುತ್ತವೆ, ನಾನು ಹೇಳುವುದಿಲ್ಲ. ರೂಟ್ ಪ್ರಾಂಪ್ಟ್ ತೆರೆದಿಟ್ಟು ಎದ್ದು ಹೋಗುವುದು ಗಲ್ಲಾ ಪೆಟ್ಟಿಗೆ ತೆರೆದಿಟ್ಟು ಹೋದ ಹಾಗೆ. ಆಡಿಟ್ ಇರುವ ಕಡೆ ಇದನ್ನು ಬೇಕೆಂದೇ ಇಟ್ಟಿರುತ್ತಾರೆ. ಹೆಚ್ಚಿನವರು ಅನುಸರಿಸುವ ಸಿಐಎಸ್ ಎಂಬ ಭದ್ರತಾ ಮಾನದಂಡದಲ್ಲಿ 900 ಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆ ಇರಲಿ ಅಂತಿದೆ. ಬ್ಯಾಶ್ ಅಲ್ಲದೆ ಟಿಸಿಶೆಲ್ ಬಳಸುವವರಿಗೆ ಇದೇ ಕೆಲಸ ಮಾಡುವ ವೇರಿಯಬಲ್ ಹೆಸರು ಆಟೋಲಾಗೌಟ್, ಅದರ ಲೆಕ್ಕ ಸೆಕೆಂಡಿನಲ್ಲಲ್ಲ, ನಿಮಿಷದಲ್ಲಿ.

ಇದು ಒಂದು ಬಗೆಯ ಸಾವು. ಎರಡನೆಯದು ಜಾಸ್ತಿ ಕಾಡುವಂಥದ್ದು. ವಾಪಸ್ ಬಂದು ಕೂರುತ್ತೀರಿ, ಪ್ರಾಂಪ್ಟ್ ಇದ್ದ ಹಾಗೇ ಇದೆ, ಕರ್ಸರ್ ಮಿಣುಕುತ್ತಿದೆ. ಎಲ್, ಎಸ್ ಒತ್ತುತ್ತೀರಿ, ಅಕ್ಷರ ಮೂಡುವುದಿಲ್ಲ. ಎಂಟರ್ ಒತ್ತುತ್ತೀರಿ, ಏನೂ ಇಲ್ಲ. ಕಂಟ್ರೋಲ್ ಸಿ ಒತ್ತಿದರೂ ಇಲ್ಲ. ತುಂಬ ಹೊತ್ತಾದ ಮೇಲೆ "ಬ್ರೋಕನ್ ಪೈಪ್" ಅಂತ ಒಂದು ಸಾಲು ಬಿದ್ದು ನಿಮ್ಮ ಲ್ಯಾಪ್‌ಟಾಪಿನ ಪ್ರಾಂಪ್ಟ್ ಬರುತ್ತದೆ. ಇಲ್ಲಿ ಶೆಲ್ ಮುಗ್ಧ. ಮರೆತವನು ಮಧ್ಯದವನು.

ಗಂಜ್‌ನ ಅಡತಿ ಅಂಗಡಿಯಲ್ಲಿ ಮುನೀಮ ಒಬ್ಬ ಕೂತಿದ್ದಾನೆ ಅಂದುಕೊಳ್ಳಿ. ತೊಗರಿ ತಂದ ರೈತರ ಹೆಸರು, ಯಾವ ಖರೀದಿದಾರನಿಗೆ ಯಾವ ಚೀಲ ಅನ್ನುವುದು ಅವನ ವಹಿಯಲ್ಲಿದೆ. ಸೀಜನ್ನಿನಲ್ಲಿ ವಹಿಯ ಪುಟ ತುಂಬಿಹೋದರೆ, ಬಹಳ ಹೊತ್ತಿನಿಂದ ಮಾತಿಲ್ಲದವರ ಸಾಲನ್ನು ಹೊಡೆದು ಹಾಕುತ್ತಾನೆ. ಆ ರೈತ ಆಮೇಲೆ ಬಂದು "ನನ್ನ ಚೀಲ ಎಲ್ಲಿಗೆ ಹೋಯಿತು" ಅಂದರೆ ಮುನೀಮ ಮುಖ ಸಹ ಎತ್ತುವುದಿಲ್ಲ. ನಿಮ್ಮ ರೂಟರ್ ಮಾಡುವುದೂ ಇದೇ. ಮನೆಯೊಳಗಿನ ಹತ್ತು ಫೋನು, ಲ್ಯಾಪ್‌ಟಾಪ್‌ಗಳಿಗೆ ಹೊರಗಡೆ ಇರುವುದು ಒಂದೇ ವಿಳಾಸ, ಹಾಗಾಗಿ ಯಾವ ಕನೆಕ್ಷನ್ ಯಾರದ್ದು ಅಂತ ಒಂದು ಪಟ್ಟಿ ಇಟ್ಟುಕೊಳ್ಳುತ್ತದೆ. ಇದಕ್ಕೆ ನ್ಯಾಟ್ ಅನ್ನುತ್ತಾರೆ. ಮೊಬೈಲ್ ಡೇಟಾದಲ್ಲಿ ಕಂಪನಿಯ ಕಡೆಯೇ ಇನ್ನೊಂದು ದೊಡ್ಡ ನ್ಯಾಟ್ ಇರುತ್ತದೆ, ಸಾವಿರಾರು ಗ್ರಾಹಕರಿಗೆ ಒಂದೇ ವಹಿ. ಅಲ್ಲಿ ಸಾಲು ಹೊಡೆಯುವುದೂ ಬೇಗ.

ನಿಯಮದ ಪುಸ್ತಕ ಏನೋ ಚೆನ್ನಾಗಿದೆ. 2008ರಲ್ಲಿ ಬಂದ ಆರ್‌ಎಫ್‌ಸಿ 5382 ಎಂಬ ಇಂಟರ್ನೆಟ್ ನಿಯಮ ಪತ್ರದ ಪ್ರಕಾರ ಸುಮ್ಮನಿರುವ ಟಿಸಿಪಿ (ಎಸ್‌ಎಸ್‌ಎಚ್ ಓಡುವ ಬಗೆಯ) ಕನೆಕ್ಷನ್ನನ್ನು ನ್ಯಾಟ್ 2 ಗಂಟೆ 4 ನಿಮಿಷಕ್ಕಿಂತ ಮೊದಲು ಮರೆಯಬಾರದು. ಪಾಲಿಸುವವರು ಕಡಿಮೆ. ಅಮೆಜಾನ್ ಕ್ಲೌಡ್‌ನ ನ್ಯಾಟ್ ಗೇಟ್‌ವೇ 350 ಸೆಕೆಂಡಿಗೆ ಮರೆಯುತ್ತದೆ, ಅಜೂರ್‌ನ ಲೋಡ್ ಬ್ಯಾಲೆನ್ಸರ್ ಮೊದಲೇ ಇರುವ ಸೆಟ್ಟಿಂಗ್‌ನಲ್ಲಿ 4 ನಿಮಿಷಕ್ಕೆ, ಗೂಗಲ್ ಕ್ಲೌಡ್‌ನ ಫೈರ್‌ವಾಲ್ 10 ನಿಮಿಷಕ್ಕೆ. ಇದು ದೋಷ ಅಲ್ಲ, ಅವರೇ ತಮ್ಮ ಕೈಪಿಡಿಯಲ್ಲಿ ಬರೆದಿಟ್ಟಿರುವ ಸಂಖ್ಯೆ.

"ಟಿಸಿಪಿಗೆ ತನ್ನದೇ ಕೀಪ್‌ಅಲೈವ್, ಅಂದರೆ ಆಗಾಗ ‘ಇದ್ದೀಯಾ’ ಅಂತ ಕೇಳುವ ವ್ಯವಸ್ಥೆ, ಇದೆಯಲ್ಲ, ಎಸ್‌ಎಸ್‌ಎಚ್‌ನಲ್ಲಿ ಅದು ಆನ್ ಇದ್ದೇ ಇರುತ್ತದಲ್ಲ" ಅಂತ ತಿಳಿದವರು ಕೇಳುತ್ತಾರೆ. ಇದೆ. ಆದರೆ ಲಿನಕ್ಸ್‌ನಲ್ಲಿ ಅದರ ಮೊದಲ ಪ್ರಶ್ನೆ ಹೊರಡುವುದೇ 7200 ಸೆಕೆಂಡ್ ಆದ ಮೇಲೆ. ಎರಡು ಗಂಟೆ. ಮುನೀಮ ಸಾಲು ಹೊಡೆದು, ಅಂಗಡಿ ಬಾಗಿಲು ಹಾಕಿ, ಮನೆ ಸೇರಿರುತ್ತಾನೆ.

ಇಲ್ಲಿ ಕೆಲಸಕ್ಕೆ ಬರುವುದು ಹುಡುಗ ಹಾಕಿದ್ದನಲ್ಲ, ಅದೇ ಸರ್ವರ್‌ಅಲೈವ್‌ಇಂಟರ್ವಲ್. ಮೊದಲಿಂದ ಅದು 0 ಇರುತ್ತದೆ, ಅಂದರೆ ಬಂದ್. 60 ಹಾಕಿದರೆ ನಿಮಿಷಕ್ಕೊಮ್ಮೆ ಒಂದು ಚಿಕ್ಕ ಮಾತು ಹೋಗಿ ಬರುತ್ತದೆ, ವಹಿಯಲ್ಲಿ ನಿಮ್ಮ ಸಾಲು ಉಳಿಯುತ್ತದೆ. ಪುಟ್ಟಿ ಎಂಬ ಎಸ್‌ಎಸ್‌ಎಚ್ ಪ್ರೋಗ್ರಾಂ ಬಳಸುವವರು ಕನೆಕ್ಷನ್ ಪುಟದಲ್ಲಿ ಕೀಪ್‌ಅಲೈವ್ ಸೆಕೆಂಡಿನ ಖಾನೆಯಲ್ಲಿ ಅದೇ 60 ಹಾಕಿ. ಮತ್ತೆ, ಹೀಗೆ ಸತ್ತು ಕೂತ ವಿಂಡೋವನ್ನು ಕೊಲ್ಲಲು ಕಾಯುತ್ತಾ ಕೂರಬೇಡಿ. ಎಂಟರ್ ಒತ್ತಿ, ಟಿಲ್ಡೆ (~) ಒತ್ತಿ, ಚುಕ್ಕೆ ಒತ್ತಿ. ಎಂಟರ್ ಆದ ಕೂಡಲೇ ಬಂದ ಟಿಲ್ಡೆ, ಚುಕ್ಕೆಯನ್ನು ಎಸ್‌ಎಸ್‌ಎಚ್ ಎದುರಿಗೆ ಕಳಿಸುವುದಿಲ್ಲ, ತನಗೇ ಹೇಳಿದ್ದು ಅಂತ ತಿಳಿದು ತಕ್ಷಣ ಕೈ ಬಿಡುತ್ತದೆ. ಇದನ್ನು ತೋರಿಸಿದಾಗ ಹುಡುಗನ ಮುಖ ನೋಡಬೇಕಿತ್ತು. ಇಷ್ಟು ದಿನ ಪ್ರತಿ ಸಲವೂ ವಿಂಡೋವನ್ನೇ ಮುಚ್ಚುತ್ತಿದ್ದನಂತೆ.

ಸರ್ವರ್ ಕಡೆಯೂ ಇದರ ಜೋಡಿ ಇದೆ, ಕ್ಲೈಂಟ್‌ಅಲೈವ್‌ಇಂಟರ್ವಲ್ ಮತ್ತು ಕ್ಲೈಂಟ್‌ಅಲೈವ್‌ಕೌಂಟ್‌ಮ್ಯಾಕ್ಸ್. ಇದರ ಬಗ್ಗೆ ಓಡಾಡುವಷ್ಟು ತಪ್ಪು ಮಾಹಿತಿ ಇನ್ಯಾವುದರ ಬಗ್ಗೆಯೂ ಇಲ್ಲ. ಇಂಟರ್ವಲ್ 300, ಕೌಂಟ್ 3 ಇದ್ದರೆ 15 ನಿಮಿಷ ಸುಮ್ಮನಿದ್ದವರನ್ನು ಸರ್ವರ್ ಹೊರಗೆ ಹಾಕುತ್ತದೆ, ಹಾಗಾಗಿ ಸಂಖ್ಯೆ ಹೆಚ್ಚಿಸಿ ಅಂತ ಬರೆಯುತ್ತಾರೆ. ಹಾಗಲ್ಲ. ಸರ್ವರ್ ಕೇಳುವ ಪ್ರಶ್ನೆಗೆ ಉತ್ತರ ಕೊಡುವುದು ನೀವಲ್ಲ, ನಿಮ್ಮ ಎಸ್‌ಎಸ್‌ಎಚ್ ಪ್ರೋಗ್ರಾಂ. ನೀವು ಮಲಗಿದ್ದರೂ ಅದು ಎದ್ದಿರುತ್ತದೆ, ಉತ್ತರ ಕೊಡುತ್ತದೆ. ಮೂರು ಸಲ ಕೇಳಿದರೂ ಉತ್ತರ ಬರದಿದ್ದರೆ, ಅಂದರೆ ಲ್ಯಾಪ್‌ಟಾಪ್ ನಿಜವಾಗಿಯೂ ಹೋಗಿದ್ದರೆ, ಆಗ ಮಾತ್ರ ಕತ್ತರಿ. ನ್ಯಾಟ್ ಮರೆಯುವ ಸಮಸ್ಯೆಗೆ ಈ ಇಂಟರ್ವಲ್ಲನ್ನು ಹೆಚ್ಚಿಸಿದರೆ ಹಾಳು, ಇಳಿಸಬೇಕು. ಗೊಂದಲಕ್ಕೆ ಒಂದು ಕಾರಣವೂ ಇದೆ. ಹಿಂದೆ ಕೌಂಟ್ 0 ಇಟ್ಟರೆ ಮೊದಲ ಇಂಟರ್ವಲ್ ಮುಗಿದ ಕೂಡಲೇ ಕನೆಕ್ಷನ್ ಹೋಗುತ್ತಿತ್ತು. ಕೆಲವರು ಇದನ್ನೇ ಸುಮ್ಮನಿರುವವರನ್ನು ಹೊರಹಾಕುವ ಉಪಾಯ ಮಾಡಿಕೊಂಡಿದ್ದರು. 2020ರ ಫೆಬ್ರವರಿಯಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 8.2ರಲ್ಲಿ 0ಯ ಅರ್ಥವೇ ಬದಲಾಯಿತು, ಈಗ ಅದು ಎಂದೂ ಕತ್ತರಿಸಬೇಡ ಎಂದು. ಹಳೆಯ ಲೇಖನ ನೋಡಿ ಹೊಸ ಸರ್ವರ್‌ಗೆ ಹಾಕಿದವರಿಗೆ ಪೂರ್ತಿ ಉಲ್ಟಾ ಫಲ. ಫೈಲಿನಲ್ಲಿ ಏನು ಬರೆದಿದೆ ಅನ್ನುವುದಕ್ಕಿಂತ ನಿಜವಾಗಿ ಯಾವುದು ಜಾರಿಯಲ್ಲಿದೆ ಅಂತ ನೋಡುವುದು ಒಳ್ಳೆಯದು. ಸರ್ವರ್‌ನಲ್ಲಿ ಎಸ್‌ಎಸ್‌ಎಚ್‌ಡಿಗೆ ದೊಡ್ಡ ಟಿ ಆಯ್ಕೆ, ಲ್ಯಾಪ್‌ಟಾಪಿನಲ್ಲಿ ಎಸ್‌ಎಸ್‌ಎಚ್‌ಗೆ ದೊಡ್ಡ ಜಿ ಆಯ್ಕೆ ಮತ್ತು ಸರ್ವರ್ ಹೆಸರು ಕೊಟ್ಟರೆ ಎಲ್ಲ ಸೆಟ್ಟಿಂಗ್ ಸುರಿಯುತ್ತದೆ.

ಸಂದೇಶ ಓದಿಯೂ ಗೊತ್ತಾಗದಿದ್ದರೆ ನಾನು ಮಾಡುವ ಒಂದು ಪರೀಕ್ಷೆ ಇದೆ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಕೀಪ್‌ಅಲೈವ್ ಎಲ್ಲ ತೆಗೆದು, ಒಂದೇ ಸರ್ವರ್‌ಗೆ ಮೂರು ವಿಂಡೋ ತೆರೆಯಿರಿ. ಒಂದರಲ್ಲಿ ಟಾಪ್ ಓಡಿಸಿ. ಇನ್ನೊಂದರಲ್ಲಿ ಸ್ಲೀಪ್ 1200 ಕೊಡಿ. ಮೂರನೆಯದನ್ನು ಬರೀ ಪ್ರಾಂಪ್ಟಿನಲ್ಲಿ ಬಿಡಿ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಚ್ಚಿ, 20 ನಿಮಿಷ ಆಗುವ ಹೊತ್ತಿಗೆ ಎದುರಿಗೆ ಕೂತಿರಿ. ಟಾಪ್ ಮೂರು ಸೆಕೆಂಡಿಗೊಮ್ಮೆ ಪರದೆ ಬದಲಿಸುತ್ತದೆ, ಹಾಗಾಗಿ ಅಲ್ಲಿ ಡೇಟಾ ಹರಿಯುತ್ತಲೇ ಇರುತ್ತದೆ. ಸ್ಲೀಪ್‌ನಲ್ಲಿ ಡೇಟಾ ಇಲ್ಲ, ಆದರೆ ಶೆಲ್ ಪ್ರಾಂಪ್ಟಿನಲ್ಲಿಯೂ ಇಲ್ಲ. ಬರೀ ಪ್ರಾಂಪ್ಟ್ ಹೋಗಿ ಉಳಿದೆರಡು ಬದುಕಿದ್ದರೆ ಟಿಎಮ್‌ಔಟ್. ಸ್ಲೀಪ್ ಇದ್ದ ವಿಂಡೋ ಕೂಡ ಹೆಪ್ಪುಗಟ್ಟಿ, ಟಾಪ್ ಮಾತ್ರ ಓಡುತ್ತಿದ್ದರೆ ಮಧ್ಯದ ಮುನೀಮ. ಮೂರೂ ಒಟ್ಟಿಗೆ ಹೋದರೆ ಲೈನೇ ಹೋಗಿದೆ, ಯಾವ ಸೆಟ್ಟಿಂಗೂ ನಿಮ್ಮನ್ನು ಉಳಿಸುವುದಿಲ್ಲ. ಸ್ಟಾಪ್‌ವಾಚ್‌ನ ಸಂಖ್ಯೆಯೂ ಮಾತಾಡುತ್ತದೆ. ಪ್ರತಿ ಸಲ ಸರಿಯಾಗಿ 300, 600, 900 ಅಂತ ಬಂದರೆ ಯಾರೋ ಮನುಷ್ಯ ಕೂತು ಟೈಪ್ ಮಾಡಿದ್ದು. ಒಮ್ಮೆ 4 ನಿಮಿಷ, ಒಮ್ಮೆ 40 ನಿಮಿಷ ಅಂತ ಬಂದರೆ ವೈಫೈ, ಕೇಬಲ್ಲು, ಕರೆಂಟು ನೋಡಿ.

ಕರೆಂಟ್ ಮಾತು ಬಂತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲು 40 ಡಿಗ್ರಿ ದಾಟಿ ಕೂತಾಗ ಕರೆಂಟ್ ಹೋಗಿ ಬರುವುದು ಹೊಸದೇನಲ್ಲ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಫ್ಯಾನಿಗೆ ಇನ್ವರ್ಟರ್ ಇದೆ, ರೂಟರ್ ಮಾತ್ರ ನೇರ ಪ್ಲಗ್ಗಿನಲ್ಲಿರುತ್ತದೆ. ಎರಡೇ ಸೆಕೆಂಡ್ ಹೋದರೂ ರೂಟರ್ ಮತ್ತೆ ಏಳಲು ಎರಡು ನಿಮಿಷ, ಎದ್ದ ಮೇಲೆ ಹಳೆಯ ವಹಿ ಪೂರ್ತಿ ಖಾಲಿ. ರೂಟರ್‌ಗೆ ಸಿಗುವ ಪುಟ್ಟ ಯುಪಿಎಸ್ ಒಂದು ತಂದು ಹಾಕಿದ ಮೇಲೆ ನನ್ನ ಅರ್ಧ ಟೈಮ್‌ಔಟ್‌ಗಳು ತಾವಾಗಿಯೇ ನಿಂತವು.

ರೈಲಿನಲ್ಲಿ ಕೂತು ಕೆಲಸ ಮಾಡುವವರ ಕಥೆ ಬೇರೆ. ಕಲಬುರಗಿಯಿಂದ ವಾಡಿ ಕಡೆ ಹೊರಟರೆ ಸಿಗ್ನಲ್ ಬರುತ್ತದೆ, ಹೋಗುತ್ತದೆ, ಕೆಲವೊಮ್ಮೆ ಫೋನಿನ ಐಪಿ ವಿಳಾಸವೇ ಬದಲಾಗುತ್ತದೆ. ಟಿಸಿಪಿ ಕನೆಕ್ಷನ್ ಅಂದರೆ ಎರಡು ಕಡೆಯ ವಿಳಾಸ, ಎರಡು ಕಡೆಯ ಪೋರ್ಟ್, ಈ ನಾಲ್ಕರ ಗಂಟು. ಒಂದು ಬದಲಾದರೂ ಗಂಟು ಬಿಚ್ಚಿತು. ಕೀಪ್‌ಅಲೈವ್ ಇದಕ್ಕೆ ಏನೂ ಮಾಡಲಾರದು. ಅಷ್ಟೇ ಅಲ್ಲ, ಇಂಟರ್ವಲ್ 5 ಇಟ್ಟು ಕೌಂಟ್ 3 ಇದ್ದರೆ 15 ಸೆಕೆಂಡ್ ಸಿಗ್ನಲ್ ಹೋದಾಗ ನಿಮ್ಮ ಪ್ರೋಗ್ರಾಮೇ "ಸರ್ವರ್ ಉತ್ತರಿಸುತ್ತಿಲ್ಲ" ಅಂತ ಕೈ ಚೆಲ್ಲುತ್ತದೆ, ಸುಮ್ಮನೆ ಬಿಟ್ಟಿದ್ದರೆ ಸಿಗ್ನಲ್ ಬಂದ ಮೇಲೆ ಬದುಕಬಹುದಾಗಿದ್ದ ಸೆಷನ್ನನ್ನು ಕೊಂದೇ ಬಿಡುತ್ತದೆ. ಓಡಾಟದಲ್ಲಿ ಇರುವವರಿಗೆ ಎಸ್‌ಎಸ್‌ಎಚ್‌ನಂಥದ್ದೇ ಮೋಶ್ ಎಂಬ ಪ್ರೋಗ್ರಾಂ ಒಳ್ಳೆಯದು. 2012ರಲ್ಲಿ ಬಂದದ್ದು, ಟಿಸಿಪಿ ಬದಲು ಯುಡಿಪಿ ಮೇಲೆ ಓಡುತ್ತದೆ, ವಿಳಾಸ ಬದಲಾದರೂ ಹಿಡಿದುಕೊಂಡು ಹೋಗುತ್ತದೆ. ಆದರೆ ಸರ್ವರ್‌ನಲ್ಲೂ ಅದನ್ನು ಹಾಕಿರಬೇಕು, ಫೈರ್‌ವಾಲ್‌ನಲ್ಲಿ ಯುಡಿಪಿ ಪೋರ್ಟ್ ತೆರೆದಿರಬೇಕು. ಕಂಪನಿಗಳಲ್ಲಿ ಇದಕ್ಕೆ ಒಪ್ಪಿಗೆ ಸಿಗುವುದು ಕಷ್ಟ.

ಸೆಷನ್ ಹೋದರೆ ಹೋಗಲಿ ಬಿಡಿ, ಹೊಟ್ಟೆ ಉರಿಯುವುದು ಅದರಲ್ಲಿ ಓಡುತ್ತಿದ್ದ ಕೆಲಸ ಹೋದಾಗ. ಟರ್ಮಿನಲ್ ಮುಚ್ಚಿದಾಗ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಅದರಲ್ಲಿದ್ದ ಪ್ರೋಗ್ರಾಂಗಳಿಗೆ ಹ್ಯಾಂಗಪ್ ಅನ್ನುವ ಸಿಗ್ನಲ್ ಕಳಿಸುತ್ತದೆ. ಫೋನ್ ಲೈನ್ ಮೇಲೆ ಮೋಡೆಮ್ ಹಾಕಿ ಕೆಲಸ ಮಾಡುತ್ತಿದ್ದ ಕಾಲದ ಹೆಸರು ಅದು, ಫೋನ್ ಇಟ್ಟರು ಎಂಬ ಅರ್ಥ. ಅದನ್ನು ಕೇಳಿದ ಪ್ರೋಗ್ರಾಂ ಸಾಮಾನ್ಯವಾಗಿ ಸಾಯುತ್ತದೆ. ಆದರೆ ಯಾವಾಗ ಕೇಳುತ್ತದೆ ಅನ್ನುವುದೇ ಎಡವಟ್ಟು. ನ್ಯಾಟ್ ಮರೆತಾಗ ಅಥವಾ ರೂಟರ್ ಸತ್ತಾಗ ಸರ್ವರ್‌ಗೆ ಯಾರೂ ಸುದ್ದಿ ಮುಟ್ಟಿಸಿರುವುದಿಲ್ಲ. ಸರ್ವರ್ ಕಳಿಸುವ ಡೇಟಾ ಏನಾದರೂ ಇದ್ದರೆ ಮತ್ತೆ ಮತ್ತೆ ಕಳಿಸಿ ನೋಡಿ ಸುಮಾರು 15 ನಿಮಿಷಕ್ಕೆ ಬಿಡುತ್ತದೆ, ಏನೂ ಇಲ್ಲದಿದ್ದರೆ ಎರಡು ಗಂಟೆ ಮೇಲಾದರೂ ನಿಮ್ಮ ಸತ್ತ ಸೆಷನ್ ಹಾಗೇ ಕೂತಿರುತ್ತದೆ. ಅಷ್ಟು ಹೊತ್ತೂ ನಿಮ್ಮ ಕೆಲಸ ಅಲ್ಲಿ ಓಡುತ್ತಿರಬಹುದು.

ಹುಡುಗ ಒಂದು ರಾತ್ರಿ ಮಾಡಿಕೊಂಡ ಯಡವಟ್ಟು ಇದೇ. ಡೇಟಾಬೇಸ್ ಇಂಪೋರ್ಟ್ ಹಚ್ಚಿದ್ದ, ಸೆಷನ್ ಹೋಯಿತು, ಕೆಲಸವೂ ಹೋಯಿತು ಅಂದುಕೊಂಡು ಮತ್ತೆ ಲಾಗಿನ್ ಆಗಿ ಅದೇ ಇಂಪೋರ್ಟನ್ನು ಇನ್ನೊಮ್ಮೆ ಹಚ್ಚಿದ. ಮೊದಲನೆಯದು ಇನ್ನೂ ಜೀವಂತ ಇತ್ತು. ಬೆಳಗ್ಗೆ ನೋಡಿದರೆ ಅರ್ಧ ದಾಖಲೆಗಳು ಎರಡೆರಡು ಸಲ. ಹಾಗಾಗಿ ವಾಪಸ್ ಹೋದ ಕೂಡಲೇ ಮೊದಲು ಹೂ ಕಮಾಂಡ್ ಕೊಟ್ಟು ಹಳೆಯ ನೀವು ಇನ್ನೂ ಒಳಗೆ ಇದ್ದೀರೇನೋ ನೋಡಿ, ಪಿಎಸ್ ಕೊಟ್ಟು ಕೆಲಸ ಓಡುತ್ತಿದೆಯೇನೋ ನೋಡಿ, ಆಮೇಲೆ ಮುಂದಿನದು.

ದೊಡ್ಡ ಕೆಲಸವನ್ನು ಟಿಮಕ್ಸ್ ಅಥವಾ ಸ್ಕ್ರೀನ್ ಒಳಗೇ ಹಚ್ಚಬೇಕು ಅನ್ನುವುದು ಎಲ್ಲರೂ ಹೇಳುವ ಮಾತು, ಸರಿಯಾದ ಮಾತು. ಅವು ಸರ್ವರ್ ಮೇಲೆಯೇ ಒಂದು ಟರ್ಮಿನಲ್ ಹಿಡಿದುಕೊಂಡು ಕೂರುತ್ತವೆ, ನಿಮ್ಮ ಲೈನ್ ಹೋದರೂ ಒಳಗಿನವರಿಗೆ ಫೋನ್ ಇಟ್ಟದ್ದು ಕೇಳಿಸುವುದಿಲ್ಲ. ಎಲ್ಲರೂ ಹೇಳದೆ ಬಿಡುವುದು ಎರಡಿವೆ. ಒಂದು, ಸಿಸ್ಟಮ್‌ಡಿ (ಲಿನಕ್ಸ್‌ನ ಸೇವೆಗಳನ್ನು ನಡೆಸುವ ವ್ಯವಸ್ಥೆ) ಇರುವ ಯಂತ್ರದಲ್ಲಿ ಕಿಲ್‌ಯೂಸರ್‌ಪ್ರೋಸೆಸಸ್ ಎಂಬ ಸೆಟ್ಟಿಂಗ್ ಆನ್ ಇದ್ದರೆ ಲಾಗೌಟ್ ಆದಾಗ ಟಿಮಕ್ಸ್ ಕೂಡ ಗುಡಿಸಿ ಹೋಗುತ್ತದೆ. 2016ರಲ್ಲಿ ಸಿಸ್ಟಮ್‌ಡಿ 230 ಇದನ್ನು ತಾನಾಗಿಯೇ ಆನ್ ಮಾಡಿ ದೊಡ್ಡ ಗಲಾಟೆ ಆಗಿತ್ತು, ಹೆಚ್ಚಿನ ಲಿನಕ್ಸ್‌ಗಳು ಮತ್ತೆ ಆಫ್ ಮಾಡಿಯೇ ಕೊಡುತ್ತವೆ. ಇನ್ನೊಂದು, ಟಿಮಕ್ಸ್ ಒಳಗಿನ ಶೆಲ್ ಕೂಡ ಶೆಲ್ಲೇ. ಟಿಎಮ್‌ಔಟ್ ಅದಕ್ಕೂ ಅನ್ವಯ. ಕೆಲಸ ಓಡುವಷ್ಟು ಹೊತ್ತು ಏನೂ ಆಗುವುದಿಲ್ಲ, ಕೆಲಸ ರಾತ್ರಿ 2 ಗಂಟೆಗೆ ಮುಗಿದು ಪ್ರಾಂಪ್ಟ್ ಬಂತು ನೋಡಿ, ಎಣಿಕೆ ಶುರು. 2 ಗಂಟೆ 10 ನಿಮಿಷಕ್ಕೆ ಶೆಲ್ ಮುಚ್ಚಿತು, ಜೊತೆಗೆ ಆ ಕಿಟಕಿಯೂ, ಅದರಲ್ಲಿದ್ದ ಔಟ್‌ಪುಟ್ಟೂ. ಬೆಳಗ್ಗೆ ಅಟ್ಯಾಚ್ ಮಾಡಲು ಹೋದರೆ ಸೆಷನ್ನೇ ಇಲ್ಲ, ಕೆಲಸ ಸರಿಯಾಗಿ ಮುಗಿಯಿತೋ ಮಧ್ಯೆ ಬಿತ್ತೋ ಹೇಳುವವರೂ ಇಲ್ಲ. ಔಟ್‌ಪುಟ್ಟನ್ನು ಟೀ ಕಮಾಂಡ್ ಮೂಲಕ ಒಂದು ಲಾಗ್ ಫೈಲಿಗೂ ಹೋಗುವ ಹಾಗೆ ಮಾಡಿ. ಟಿಮಕ್ಸ್‌ನಲ್ಲಿ ರಿಮೇನ್-ಆನ್-ಎಕ್ಸಿಟ್ ಆನ್ ಮಾಡಿದರೂ ಆಗುತ್ತದೆ, ಶೆಲ್ ಸತ್ತರೂ ಕಿಟಕಿ ಉಳಿಯುತ್ತದೆ.

ಹುಡುಗನಿಗೆ ಕೊನೆಗೆ ಮಾಡಿಸಿದ್ದು ಇಷ್ಟೇ. ಸರ್ವರ್‌ಅಲೈವ್ 60ಕ್ಕೆ ವಾಪಸ್ ತಂದ, ಇಂಪೋರ್ಟ್‌ಗಳನ್ನು ಟಿಮಕ್ಸ್‌ಗೆ ಹಾಕಿದ, ಲಾಗ್ ಫೈಲ್ ಇಟ್ಟ. ಟಿಎಮ್‌ಔಟ್ ಬಗ್ಗೆ ಅಡ್ಮಿನ್‌ಗೆ ಮೇಲ್ ಬರೆದ. "ಸೆಷನ್ ಪದೇ ಪದೇ ಹೋಗುತ್ತಿದೆ, ನೋಡಿ" ಅಂತಲ್ಲ. ಪರದೆ ಮೇಲೆ ಬಂದ ಸಾಲನ್ನು ಹಾಗೇ ಅಂಟಿಸಿ, ಎಕೋದಲ್ಲಿ 600 ಬಂತು, ಪ್ರೊಫೈಲ್ ಡಾಟ್ ಡಿಯಲ್ಲಿ ಈ ಫೈಲಿನ ಇಷ್ಟನೇ ಸಾಲಿನಿಂದ ಬಂದಿದೆ, ನಿಯಮ ಒಪ್ಪಿದರೆ 900 ಮಾಡಬಹುದಾ ಅಂತ ಕೇಳಿದ. ಒಂದೇ ದಿನದಲ್ಲಿ ಮಾಡಿಕೊಟ್ಟರು. ಅವನಿಗೆ ಮೂಲೆ ಅಂಗಡಿಗೆ ಹೋಗಿ ಚಾ ಕುಡಿದು ಬರಲು 12 ನಿಮಿಷ ಬೇಕು, ಸ್ಟಾಪ್‌ವಾಚ್ ಹಚ್ಚಿಯೇ ನೋಡಿದ್ದಾನೆ.